ಪೋಕರ್‌ನಲ್ಲಿ ದೊಡ್ಡ ಟೇಬಲ್‌ಗೆ ಹೋಗೋದು ಯಾವಾಗ? ಲೆಕ್ಕ ಹಾಕಿದ್ರೆ ಸಿಗೋ ಉತ್ತರವೇ ಬೇರೆ

ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು, ಗಲ್ಲಾಪೆಟ್ಟಿಗೆ ಲೆಕ್ಕ ಮುಗಿಸಿ, ಮನೆಗೆ ಹೋಗೋ ಮುಂಚೆ "ಎರಡು ಕೈ ಆಡಿ ಬಿಡೋಣ" ಅಂತ ಮೊಬೈಲ್ ತೆಗೆಯುವವರು ಬೆಂಗಳೂರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹಬ್ಬದ ಸಮಯದಲ್ಲಿ ಅಂದರ್ ಬಾಹರ್, ಐಪಿಎಲ್ ಸಮಯದಲ್ಲಿ ಬೆಟ್ಟಿಂಗ್ ಅಂತ ಇದ್ದದ್ದು ಕಳೆದ ಕೆಲವು ವರ್ಷಗಳಲ್ಲಿ ವರ್ಷಪೂರ್ತಿ ಕೈಯಲ್ಲೇ ಇರುವ ಆಟವಾಗಿದೆ. ಅದರಲ್ಲಿ ಪೋಕರ್‌ಗೆ ಒಂದು ಬೇರೆ ಮರ್ಯಾದೆ ಇದೆ. "ಇದು ಜೂಜಲ್ಲ ಅಣ್ಣ, ತಲೆ ಓಡಿಸೋ ಆಟ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ.

ಆಡುವವರ ನಡುವೆ ಪದೇಪದೇ ಬರುವ ಪ್ರಶ್ನೆ ಒಂದೇ: ಸಣ್ಣ ಟೇಬಲ್‌ನಲ್ಲಿ ಗೆಲ್ಲುತ್ತಿದ್ದೇನೆ, ದೊಡ್ಡ ಟೇಬಲ್‌ಗೆ ಯಾವಾಗ ಹೋಗಲಿ?

ಈ ಪ್ರಶ್ನೆಗೆ ಪೋಕರ್ ಲೋಕದಲ್ಲೇ ಒಂದು ಖಚಿತ ಲೆಕ್ಕ ಇದೆ. ಆ ಲೆಕ್ಕವನ್ನು ನಮ್ಮ ಪೇಟೆ ಬೀದಿಯ ಒಂದು ಅಂಗಡಿಗೆ ಹಾಕಿ ನೋಡಿದರೆ ಬರುವ ಉತ್ತರ, ಆ್ಯಪ್‌ನವರು ಹೇಳುವುದಲ್ಲ, ಏಜೆಂಟ್ ಹೇಳುವುದೂ ಅಲ್ಲ.

ಮೊದಲು ಕಾನೂನು ಎಲ್ಲಿದೆ

2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಗೆ ಒಪ್ಪಿಗೆ ಕೊಟ್ಟವು. 22ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಕೌಶಲ್ಯದ್ದೋ ಅದೃಷ್ಟದ್ದೋ ಎಂಬ ಭೇದವನ್ನೇ ಈ ಕಾಯ್ದೆ ಮಾಡುವುದಿಲ್ಲ, ಎರಡಕ್ಕೂ ನಿಷೇಧ. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಮಸೂದೆ ಪಾಸಾದ ಕೆಲವೇ ದಿನಗಳಲ್ಲಿ ದೇಶದ ದೊಡ್ಡ ಪೋಕರ್, ರಮ್ಮಿ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಕ್ಲಬ್‌ಗಳಲ್ಲಿ ಪೋಕರ್ ಆಡುವ ವಿಚಾರ 2013ರಲ್ಲೇ ಹೈಕೋರ್ಟ್ ಮೆಟ್ಟಿಲೇರಿತ್ತು. ಕೌಶಲ್ಯದ ಆಟವಾಗಿ ಆಡಿದರೆ ಪೊಲೀಸ್ ಲೈಸೆನ್ಸ್ ಬೇಕಿಲ್ಲ ಎಂದು ಕೋರ್ಟ್ ಹೇಳಿತ್ತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ದುಡ್ಡಿನ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅತ್ತ ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜೇ ಎಂದಿತ್ತು. ಕೇಂದ್ರದ 2025ರ ಕಾಯ್ದೆಯನ್ನು ಪ್ರಶ್ನಿಸಿ ಮೊದಲು ಬಂದ ಅರ್ಜಿಯೂ ಕರ್ನಾಟಕ ಹೈಕೋರ್ಟ್‌ನಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಅಂದರೆ ದೊಡ್ಡ ಆ್ಯಪ್‌ಗಳ ಟೇಬಲ್ ಮುಚ್ಚಿತು, ಆಟ ಮಾತ್ರ ಮುಚ್ಚಲಿಲ್ಲ. ವಿದೇಶಿ ಸೈಟ್‌ನ ಲಿಂಕು, ಟೆಲಿಗ್ರಾಂ ಗ್ರೂಪು, ದುಡ್ಡು ತಗೊಂಡು 'ಚಿಪ್ಸ್' ಹಾಕಿಕೊಡುವ ಏಜೆಂಟು, ಈ ದಾರಿಗಳು ಉಳಿದಿವೆ. ದೊಡ್ಡ ಟೇಬಲ್ ಪ್ರಶ್ನೆ ಈಗ ಆ ಕತ್ತಲ ದಾರಿಯಲ್ಲಿ ಕೇಳಿಬರುತ್ತಿದೆ.

ಟೇಬಲ್ ಅಂದ್ರೆ ಎಷ್ಟು ದುಡ್ಡು

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಒಮ್ಮೆ ಎಲೆ ಹಂಚಿ ಮುಗಿಯುವ ಆಟ ಒಂದು 'ಕೈ'. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡೋ ಮುಂಚೆಯೇ ಕಡ್ಡಾಯವಾಗಿ ದುಡ್ಡು ಇಡಬೇಕು. ಅದಕ್ಕೆ ಬ್ಲೈಂಡ್ ಅಂತಾರೆ. 5/10 ರೂ. ಟೇಬಲ್ ಅಂದ್ರೆ ಒಬ್ಬ 5, ಇನ್ನೊಬ್ಬ 10 ರೂ. ಇಡೋದು. ದೊಡ್ಡ ಬ್ಲೈಂಡ್‌ನ ನೂರು ಪಟ್ಟು ದುಡ್ಡು ಹಿಡಿದು ಕೂರೋದು ವಾಡಿಕೆ. ಅದು ಒಂದು 'ಬೈ-ಇನ್'. 1/2 ಟೇಬಲ್‌ಗೆ 200 ರೂ., 5/10ಕ್ಕೆ 1,000, 10/20ಕ್ಕೆ 2,000, 25/50ಕ್ಕೆ 5,000.

ಹೆಸರಲ್ಲಿ '5/10' ಸಣ್ಣದಾಗಿ ಕಾಣುತ್ತೆ. ಹತ್ತು ರೂಪಾಯಿ ಆಟ ತಾನೇ ಅನ್ನಿಸುತ್ತೆ. ಆದರೆ ಒಂದೇ ಕೈಯಲ್ಲಿ 1,000 ರೂ. ಪೂರ್ತಿ ಹೋಗಬಹುದು.

ಅನುಭವಿ ಆಟಗಾರರ ಸಾಮಾನ್ಯ ನಿಯಮ ಹೀಗಿದೆ: ಯಾವ ಟೇಬಲ್‌ನಲ್ಲಿ ಆಡ್ತೀರೋ ಅದರ 20ರಿಂದ 30 ಬೈ-ಇನ್ ದುಡ್ಡು ಆಟಕ್ಕಂತಲೇ ಬೇರೆ ಇರಬೇಕು. 30ರ ಲೆಕ್ಕ ಹಿಡಿದರೆ 5/10ಕ್ಕೆ 30,000 ರೂ., 10/20ಕ್ಕೆ 60,000, 25/50ಕ್ಕೆ ಒಂದೂವರೆ ಲಕ್ಷ. ಮೇಲೆ ಹೋಗಿ ಮೂರ್ನಾಲ್ಕು ಬೈ-ಇನ್ ಕಳೆದುಕೊಂಡರೆ ಮರುಮಾತಿಲ್ಲದೆ ಕೆಳಗಿನ ಟೇಬಲ್‌ಗೆ ವಾಪಸ್ ಬರಬೇಕು. ಹತ್ತೋ ನಿಯಮಕ್ಕಿಂತ ಇಳಿಯೋ ನಿಯಮ ಮುಖ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತನ್ನೇ ಅಂಕಿಯಲ್ಲಿ ಬರೆದಿದ್ದಾರೆ ಅಷ್ಟೇ.

ಇದನ್ನು ಮಾಡಿ ತೋರಿಸಿದವರೂ ಇದ್ದಾರೆ. 2000ದಲ್ಲಿ ಪೋಕರ್ ವಿಶ್ವ ಸರಣಿಯ ಮುಖ್ಯ ಪ್ರಶಸ್ತಿ ಗೆದ್ದ ಅಮೆರಿಕದ ಕ್ರಿಸ್ ಫರ್ಗುಸನ್, 2006ರಲ್ಲಿ ಕೈಯಿಂದ ಒಂದು ಪೈಸೆ ಹಾಕದೆ, ಉಚಿತ ಟೂರ್ನಿಗಳಿಂದ ಶುರು ಮಾಡಿ 10,000 ಡಾಲರ್ ಮಾಡುವ ಪಣ ತೊಟ್ಟರು. ಅವರ ನಿಯಮ: ಒಟ್ಟು ದುಡ್ಡಿನ ಶೇ 5ಕ್ಕಿಂತ ಹೆಚ್ಚು ಹಿಡಿದು ಯಾವ ಟೇಬಲ್‌ಗೂ ಕೂರಬಾರದು. ಟೇಬಲ್ ಮೇಲಿನ ದುಡ್ಡು ಒಟ್ಟು ದುಡ್ಡಿನ ಶೇ 10 ದಾಟಿದರೆ, ಗೆಲ್ಲುತ್ತಿದ್ದರೂ ಎದ್ದು ಬರಬೇಕು. ವಿಶ್ವ ಚಾಂಪಿಯನ್‌ಗೂ ಗುರಿ ಮುಟ್ಟೋಕೆ ವರ್ಷಕ್ಕೂ ಹೆಚ್ಚು ಬೇಕಾಯಿತು.

ಗೆಲುವು ಕೌಶಲ್ಯವೋ, ಅದೃಷ್ಟವೋ?

ಇಲ್ಲಿಂದ ಲೆಕ್ಕ ಬಿಗಿಯಾಗುತ್ತೆ. ದುಡ್ಡು ಇದ್ದರೆ ಸಾಲದು, ತಾನು ನಿಜಕ್ಕೂ ಗೆಲ್ಲುವ ಆಟಗಾರ ಅನ್ನೋದು ಗೊತ್ತಿರಬೇಕು.

ಕಂಪನಿ ಕಮಿಷನ್ ಕಳೆದು, ನೂರು ಕೈಗೆ 5 ದೊಡ್ಡ ಬ್ಲೈಂಡ್ ಉಳಿಸುವವನು ಒಳ್ಳೆಯ ಆಟಗಾರ. 5/10 ಟೇಬಲ್‌ನಲ್ಲಿ ಅದು ನೂರು ಕೈಗೆ 50 ರೂ. ಆದರೆ ಅದೃಷ್ಟದ ಏರಿಳಿತ ನೂರು ಕೈಗೆ ಸುಮಾರು 90 ಬ್ಲೈಂಡ್‌ನಷ್ಟು, ಅಂದರೆ 900 ರೂ. ಕೌಶಲ್ಯದ ಪಾಲು 50, ಅದೃಷ್ಟದ ಅಲೆ 900. ದಿನದ ಗೆಲುವು ಸೋಲು ನೋಡಿ ತೀರ್ಮಾನ ಮಾಡೋಕೆ ಆಗಲ್ಲ ಅನ್ನೋದು ಇದಕ್ಕೇ.

ಕೈಗಳು ಹೆಚ್ಚಾದಂತೆ ಅದೃಷ್ಟ ನಿಧಾನವಾಗಿ ಸಮನಾಗುತ್ತೆ. 10,000 ಕೈ ಆದ ಮೇಲೆ ಈ ಒಳ್ಳೆಯ ಆಟಗಾರನಿಗೆ ಬರಬೇಕಾದ್ದು 5,000 ರೂ. ಏರಿಳಿತ 9,000 ರೂ. ಅಂದರೆ ಇಂಥ ಹತ್ತು ಒಳ್ಳೆಯ ಆಟಗಾರರಲ್ಲಿ ಸುಮಾರು ಮೂವರು 10,000 ಕೈ ಆಡಿದ ಮೇಲೂ ನಷ್ಟದಲ್ಲೇ ಇರುತ್ತಾರೆ.

ಇದನ್ನೇ ತಿರುಗಿಸಿ ನೋಡಿ, ಆಗ ಅಪಾಯ ಕಾಣುತ್ತೆ. ನೂರು ಕೈಗೆ 5 ಬ್ಲೈಂಡ್ ಕಳೆದುಕೊಳ್ಳುವ ಕಳಪೆ ಆಟಗಾರರಲ್ಲೂ ಹತ್ತಕ್ಕೆ ಮೂವರು 10,000 ಕೈ ಆದ ಮೇಲೆ ಲಾಭದಲ್ಲಿರುತ್ತಾರೆ. ಅವರಿಗೆ ತಾವು ಕಳಪೆ ಅಂತ ಗೊತ್ತಾಗಲು ದಾರಿಯೇ ಇಲ್ಲ. "ಎರಡು ತಿಂಗಳಿಂದ ಪ್ಲಸ್‌ನಲ್ಲಿದ್ದೀನಿ, ಮೇಲಿನ ಟೇಬಲ್‌ಗೆ ಹೋಗ್ತೀನಿ" ಅಂತ ಧೈರ್ಯವಾಗಿ ಹೊರಡುವವರಲ್ಲಿ ಇವರೂ ಇರುತ್ತಾರೆ.

10,000 ಕೈ ಅಂದ್ರೆ ಎಷ್ಟು ಹೊತ್ತು? ಒಂದು ಆನ್‌ಲೈನ್ ಟೇಬಲ್‌ನಲ್ಲಿ ಗಂಟೆಗೆ 75 ಕೈ ಅಂತ ಇಟ್ಟುಕೊಂಡರೆ 133 ಗಂಟೆ. ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಎರಡು ಗಂಟೆ ಆಡಿದರೆ 67 ದಿನ. ಒಂದು ಲಕ್ಷ ಕೈ ಆದರೆ ಆ ಹತ್ತಕ್ಕೆ ಮೂರು ಅನ್ನೋ ತಪ್ಪು ಇಪ್ಪತ್ತೈದಕ್ಕೆ ಒಂದಕ್ಕೆ ಇಳಿಯುತ್ತೆ. ಆದರೆ ಅದಕ್ಕೆ ದಿನಕ್ಕೆ ಎರಡು ಗಂಟೆಯಂತೆ, ಒಂದು ದಿನವೂ ಬಿಡದೆ, ಹತ್ತಿರ ಹತ್ತಿರ 22 ತಿಂಗಳು ಬೇಕು. ಅಷ್ಟು ದಿನ ಒಂದೇ ಸಣ್ಣ ಟೇಬಲ್‌ನಲ್ಲಿ ತಾಳ್ಮೆಯಿಂದ ಕೂತು, ಪ್ರತಿ ಕೈಯ ಲೆಕ್ಕ ಬರೆದಿಡುವವರು ಎಷ್ಟು ಜನ?

ಪೋಕರ್ ಕೌಶಲ್ಯದ ಆಟ ಅನ್ನೋ ವಾದ ಸುಳ್ಳಲ್ಲ. ಆದರೆ ಆ ಕೌಶಲ್ಯ ಕಾಣಿಸಿಕೊಳ್ಳೋದು ಲಕ್ಷ ಕೈಗಳ ಆಚೆ. ಗಲ್ಲಾಪೆಟ್ಟಿಗೆ ಖಾಲಿಯಾಗೋದು ಅದಕ್ಕೂ ಬಹಳ ಮುಂಚೆ.

ಮೇಲೆ ಹೋದಾಗ ಬದಲಾಗುವುದು

ದೊಡ್ಡ ಟೇಬಲ್‌ನಲ್ಲಿ ದುಡ್ಡಿನ ಜೊತೆ ಎದುರು ಕೂತವರೂ ಬದಲಾಗುತ್ತಾರೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಟ್ಟಿ ಆಟಗಾರರು ಹೆಚ್ಚು, ತಪ್ಪು ಮಾಡುವವರು ಕಡಿಮೆ. ಕೆಳಗೆ ನೂರು ಕೈಗೆ 5 ಬ್ಲೈಂಡ್ ಗೆಲ್ಲುತ್ತಿದ್ದವನ ಗಳಿಕೆ ಮೇಲೆ 2 ಬ್ಲೈಂಡ್‌ಗೆ ಇಳಿಯಬಹುದು.

ಇದರ ಪರಿಣಾಮ ನೋಡಿ. ನೂರು ಕೈಗೆ 5 ಬ್ಲೈಂಡ್ ಗೆಲ್ಲುವವನ ಹತ್ತಿರ 30 ಬೈ-ಇನ್ ಇದ್ದರೆ, ಎಲ್ಲ ದುಡ್ಡೂ ಮುಳುಗುವ ಸಾಧ್ಯತೆ ಸುಮಾರು ಶೇ 2.5. 20 ಬೈ-ಇನ್ ಇದ್ದರೆ ಶೇ 8.5. ಹತ್ತೇ ಇದ್ದರೆ ಶೇ 29. ಗಳಿಕೆ 2 ಬ್ಲೈಂಡ್‌ಗೆ ಇಳಿದರೆ, 30 ಬೈ-ಇನ್ ಇದ್ದರೂ ಮುಳುಗುವ ಸಾಧ್ಯತೆ ಶೇ 23. ಅಂದರೆ ನಾಲ್ವರಲ್ಲಿ ಒಬ್ಬ. ನಷ್ಟದ ಆಟಗಾರನಿಗೆ ಇಳಿಯುವ ನಿಯಮ ಇಲ್ಲದಿದ್ದರೆ ಎಷ್ಟು ದುಡ್ಡಿದ್ದರೂ ಒಂದಲ್ಲ ಒಂದು ದಿನ ಪೂರ್ತಿ ಮುಳುಗೋದು ಖಾತ್ರಿ.

ಇದರ ಮೇಲೆ ಕಮಿಷನ್. ಪ್ರತಿ ಪಾಟ್‌ನಿಂದಲೂ ಆಟ ನಡೆಸುವವನಿಗೆ ಶೇ 5ರ ಆಸುಪಾಸು ಹೋಗುತ್ತೆ. 400 ರೂ. ಪಾಟ್ ಗೆದ್ದರೆ 20 ಅವನಿಗೆ. ಆರು ಜನ ಕೂತ ಟೇಬಲ್‌ಗೆ ಹೊರಗಿನಿಂದ ದುಡ್ಡು ಬರೋದಿಲ್ಲ, ಹೊರಗೆ ಮಾತ್ರ ಹೋಗುತ್ತೆ. ಹಾಗಾಗಿ ಎಲ್ಲರ ಲೆಕ್ಕ ಸೇರಿಸಿ ನೋಡಿದರೆ ಟೇಬಲ್ ನಷ್ಟದಲ್ಲೇ ಇರಬೇಕು. ತೆರಿಗೆ ಬೇರೆ: 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ 30 ಟಿಡಿಎಸ್. ಅಂಗಡಿ ಲಾಭದಲ್ಲಿ ಪೋಕರ್ ನಷ್ಟ ಕಳೆಯೋಕೆ ಬರಲ್ಲ.

ಗಲ್ಲಾದ 60,000 ಯಾರದ್ದು?

ಈಗ ಈ ಲೆಕ್ಕವನ್ನು ಅಂಗಡಿಗೆ ತರೋಣ. ತಾಲ್ಲೂಕು ಕೇಂದ್ರದ ಒಬ್ಬ ಮೊಬೈಲ್ ಅಂಗಡಿಯವನನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಕರೆಂಟ್ ಅಕೌಂಟ್‌ನಲ್ಲಿ 60,000 ರೂ. ಇದೆ. 60,000 ಅಂದ್ರೆ 10/20 ಟೇಬಲ್‌ಗೆ ಸರಿಯಾಗಿ 30 ಬೈ-ಇನ್. ನಿಯಮದ ಪ್ರಕಾರವೇ ಆಡ್ತಿದ್ದೀನಿ ಅಂತ ಅವನಿಗೆ ಅನ್ನಿಸುತ್ತೆ.

ಆದರೆ ಆ 60,000ದಲ್ಲಿ 40,000 ಡಿಸ್ಟ್ರಿಬ್ಯೂಟರ್‌ಗೆ ಕೊಡಬೇಕಾದ್ದು. 8,000 ಅಂಗಡಿ ಬಾಡಿಗೆ. 5,000 ಚೀಟಿ ಕಂತು. ಉಳಿದದ್ದು 7,000. ಹೋದರೂ ಯಾರಿಗೂ ಉತ್ತರ ಕೊಡಬೇಕಿಲ್ಲದ ದುಡ್ಡು ಅದಷ್ಟೇ. ಮನೆ ಖರ್ಚನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. 7,000ಕ್ಕೆ 30 ಬೈ-ಇನ್ ಸಿಗೋದು 1/2 ಟೇಬಲ್‌ನಲ್ಲಿ ಮಾತ್ರ. ತಾನು 10/20ರ ಆಟಗಾರ ಅಂದುಕೊಂಡವನು ಪೋಕರ್‌ನ ನಿಯಮದ ಪ್ರಕಾರವೇ 1/2ರ ಆಟಗಾರ.

ಆ 1/2 ಟೇಬಲ್‌ನಲ್ಲಿ ಅವನು ನಿಜಕ್ಕೂ ಒಳ್ಳೆಯ ಆಟಗಾರ ಅಂತಲೇ ಇಟ್ಟುಕೊಂಡರೂ ಗಳಿಕೆ ನೂರು ಕೈಗೆ 10 ರೂ. ಗಂಟೆಗೆ ಏಳೂವರೆ ರೂಪಾಯಿ. ನಾಲ್ಕು ಫೋನಿಗೆ ಟೆಂಪರ್ಡ್ ಗ್ಲಾಸ್ ಹಾಕಿದರೆ ಇದಕ್ಕಿಂತ ಎಷ್ಟೋ ಹೆಚ್ಚು. ಗಂಟೆಗೆ ಏಳೂವರೆ ರೂಪಾಯಿಗೆ ಕೂರೋಕೆ ಯಾರಿಗೂ ಮನಸ್ಸಾಗಲ್ಲ. ಅದಕ್ಕೇ ಎಲ್ಲರೂ ಮೇಲಿನ ಟೇಬಲ್ ನೋಡೋದು. ಸಣ್ಣ ಟೇಬಲ್‌ನಲ್ಲಿ ಬದುಕು ಬದಲಾಗಲ್ಲ. ಬದುಕು ಬದಲಾಗುವಷ್ಟು ದೊಡ್ಡ ಟೇಬಲ್‌ಗೆ ಕೈಯಲ್ಲಿ ದುಡ್ಡಿಲ್ಲ.

ನಿಜವಾಗಿ ಜನ ಮೇಲೆ ಹೋಗೋದು ಯಾವಾಗ

ಲೆಕ್ಕ ಹಾಕಿ ಮೇಲೆ ಹೋಗುವವರು ಅಪರೂಪ. ಎರಡು ಸಂದರ್ಭದಲ್ಲಿ ಜನ ಮೇಲೆ ಜಿಗಿಯುತ್ತಾರೆ.

ಒಂದು, ಒಂದು ವಾರ ಸತತ ಗೆದ್ದಾಗ. ದೀಪಾವಳಿ ವಾರದ ವ್ಯಾಪಾರ ನೋಡಿ ಅಡ್ವಾನ್ಸ್ ಕೊಟ್ಟು ಎರಡನೇ ಅಂಗಡಿ ಹಿಡಿಯೋ ತಪ್ಪು ಯಾವ ವ್ಯಾಪಾರಿಯೂ ಮಾಡಲ್ಲ. ವರ್ಷದ ವ್ಯಾಪಾರ ನೋಡ್ತಾನೆ, ಉದ್ರಿ ಎಷ್ಟಿದೆ ನೋಡ್ತಾನೆ. ಅದೇ ವ್ಯಾಪಾರಿ ಫೋನ್ ಹಿಡಿದಾಗ ಒಂದು ವಾರದ ಗೆಲುವು ನಂಬಿ ಟೇಬಲ್ ಬದಲಿಸುತ್ತಾನೆ.

ಎರಡು, ಸೋತಾಗ. ಇದು ಹೆಚ್ಚು ಅಪಾಯ. 5/10ರಲ್ಲಿ ವಾರದಲ್ಲಿ 6,000 ಹೋಯಿತು ಅಂದುಕೊಳ್ಳಿ. ಅದನ್ನು ಅಲ್ಲೇ ವಾಪಸ್ ತರೋಕೆ ತಿಂಗಳುಗಟ್ಟಲೆ ಬೇಕು. 25/50ಕ್ಕೆ ಹೋದರೆ? ಅಲ್ಲಿ 6,000 ಅಂದ್ರೆ ಒಂದೂಕಾಲು ಬೈ-ಇನ್‌ಗೂ ಕಡಿಮೆ, ಎರಡು ಒಳ್ಳೆ ಕೈ ಬಂದರೆ ಸಾಕು. ಲೆಕ್ಕದಲ್ಲಿ ಇದು ಸರಿಯಾಗೇ ಕಾಣುತ್ತೆ. ಕಾಣದೇ ಇರೋದು ಇನ್ನೊಂದು ಬದಿ: ಆ ಟೇಬಲ್‌ನಲ್ಲಿ 10,000 ಕೈಗಳ ಸಾಮಾನ್ಯ ಏರಿಳಿತವೇ ಒಂಬತ್ತು ಬೈ-ಇನ್, ಅಂದರೆ 45,000 ರೂ. 6,000ದ ಗುಂಡಿ ಮುಚ್ಚೋಕೆ ಹೋದವನು 45,000ದ ಗುಂಡಿಯ ಅಂಚಿನಲ್ಲಿ ನಿಂತಿರುತ್ತಾನೆ. ಪಗಡೆಯಲ್ಲಿ ಧರ್ಮರಾಯ ಸೋತಷ್ಟೂ ಪಣ ಏರಿಸಿದ್ದು ಇದೇ ಲೆಕ್ಕದಲ್ಲಿ. ಆ ಕತೆ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ.

ಆ ದುಡ್ಡು ಬರೋದು ಎಲ್ಲಿಂದ? ಮೊದಲು ಗಲ್ಲಾದಿಂದ, ಆಮೇಲೆ ಲೋನ್ ಆ್ಯಪ್‌ನಿಂದ, ಆಮೇಲೆ ಮೀಟರ್ ಬಡ್ಡಿಯಿಂದ. ಅಲ್ಲಿಗೆ ಮುಟ್ಟಿದವನಿಗೆ ಇಳಿಯೋ ನಿಯಮ ಹೇಳಿ ಪ್ರಯೋಜನವಿಲ್ಲ. ಇಳಿಯೋಕೆ ಕೆಳಗೆ ಟೇಬಲ್ಲೇ ಉಳಿದಿರುವುದಿಲ್ಲ.

ಗೆದ್ದರೂ ದುಡ್ಡು ಕೈಗೆ ಬರುತ್ತಾ?

ಮೇಲಿನ ಲೆಕ್ಕವೆಲ್ಲ ಒಂದು ನಂಬಿಕೆ ಮೇಲೆ ನಿಂತಿದೆ: ಆಟ ನ್ಯಾಯವಾಗಿದೆ, ಗೆದ್ದ ದುಡ್ಡು ಸಿಗುತ್ತೆ. ಕದ್ದು ನಡೆಯುವ ಟೇಬಲ್‌ಗಳಲ್ಲಿ ಈ ಎರಡಕ್ಕೂ ಗ್ಯಾರಂಟಿ ಇಲ್ಲ.

ದೊಡ್ಡ ಹೆಸರಿನ ಸೈಟ್‌ಗಳ ಕತೆಯೇ ಪಾಠ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಅಲ್ಲಿನ ದೊಡ್ಡ ಪೋಕರ್ ಸೈಟ್‌ಗಳ ಮೇಲೆ ಕ್ರಮ ತೆಗೆದುಕೊಂಡಿತು. ಅವುಗಳಲ್ಲಿ ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕ್‌ನಲ್ಲಿ ಇದ್ದದ್ದು ಸುಮಾರು 6 ಕೋಟಿ ಡಾಲರ್ ಅಂತ ಅಲ್ಲಿನ ನ್ಯಾಯ ಇಲಾಖೆ ಹೇಳಿತು. ಅಮೆರಿಕದ ಆಟಗಾರರಿಗೆ ದುಡ್ಡು ವಾಪಸ್ ಬರಲು ಶುರುವಾದದ್ದು 2014ರಲ್ಲಿ. ಶೇ 5ರ ನಿಯಮ ಹೇಳಿಕೊಟ್ಟ ಫರ್ಗುಸನ್ ಅದೇ ಕಂಪನಿಯ ನಿರ್ದೇಶಕರಲ್ಲಿ ಒಬ್ಬರು. ಆಟಗಾರ ನಿಯಮ ಪಾಲಿಸಿದರೆ ಸಾಲದು, ದುಡ್ಡು ಇಟ್ಟುಕೊಂಡವನೂ ಪಾಲಿಸಬೇಕು.

ಅಲ್ಲಿ ಕೇಳೋಕೆ ಒಂದು ಸರ್ಕಾರ, ಒಂದು ಕೋರ್ಟ್ ಇತ್ತು. ಟೆಲಿಗ್ರಾಂ ಏಜೆಂಟ್ ಬ್ಲಾಕ್ ಮಾಡಿ ಹೋದರೆ ಕೇಳೋಕೆ ವಿಳಾಸವೇ ಇರಲ್ಲ.

ಆಡದ ಅಂಗಡಿಯವರಿಗೂ ಒಂದು ಮಾತು

ಪೋಕರ್ ಅಂದ್ರೆ ಏನು ಅಂತಲೇ ಗೊತ್ತಿಲ್ಲದ ಅಂಗಡಿಯವರಿಗೂ ಇದು ತಟ್ಟಬಹುದು. ದುಡ್ಡು ತಿರುಗಿಸೋಕೆ ಏಜೆಂಟರಿಗೆ ಬೇರೆಯವರ ಅಕೌಂಟ್ ಬೇಕು. "ಅಣ್ಣ, ನಿಮ್ಮ ಕ್ಯೂಆರ್‌ಗೆ ಹತ್ತು ಸಾವಿರ ಹಾಕಿಸ್ತೀನಿ, ಐನೂರು ನೀವು ಇಟ್ಕೊಳ್ಳಿ, ಉಳಿದದ್ದು ಕ್ಯಾಶ್ ಕೊಡಿ" ಅಂತ ಪರಿಚಯದ ಹುಡುಗನೇ ಬಂದು ಕೇಳಬಹುದು. ಆ ದುಡ್ಡಿನ ಹಿಂದೆ ಸೈಬರ್ ದೂರು ಇದ್ದರೆ ಬ್ಯಾಂಕ್ ಅಕೌಂಟ್ ಫ್ರೀಜ್ ಆಗುತ್ತೆ. ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟ ಚೆಕ್ ಬೌನ್ಸ್ ಆಗುತ್ತೆ. ಬೇರೆ ರಾಜ್ಯದ ಪೊಲೀಸರಿಂದಲೂ ಫೋನ್ ಬರಬಹುದು. 2025ರ ಕಾಯ್ದೆಯಲ್ಲಿ ದುಡ್ಡಿನ ಆಟಕ್ಕೆ ಹಣ ವರ್ಗಾವಣೆಗೆ ನೆರವಾಗೋದೂ ಅಪರಾಧ. ಇದಕ್ಕೂ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಮೀನುರಹಿತ. ಐನೂರು ರೂಪಾಯಿಗೆ ಅಂಗಡಿಯ ಕ್ಯೂಆರ್ ಕೊಡುವವನು ಯಾವ ಟೇಬಲ್‌ಗೂ ಕೂರದೆ ಅತಿ ದೊಡ್ಡ ಪಣ ಇಟ್ಟಂತೆ.

ಹಾಗಾದ್ರೆ ಏನು ಮಾಡೋದು

ಆನ್‌ಲೈನ್ ವಂಚನೆಯಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಟ ಬಿಡೋಕೆ ಆಗ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಸಾಲದ ಯೋಚನೆಯಲ್ಲಿ ಬೇಡದ್ದು ತಲೆಗೆ ಬರ್ತಿದೆ ಅಂದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೆ ಅಂತಲೇ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಮನೆಯವರು ಬೈದು ಮೊಬೈಲ್ ಕಿತ್ತುಕೊಳ್ಳೋದಕ್ಕಿಂತ ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಸಿ, ಒಟ್ಟು ಎಷ್ಟು ಅಂತ ಮೊದಲು ತಿಳಿದುಕೊಳ್ಳೋದು ಒಳ್ಳೆಯದು. ಮುಚ್ಚಿಟ್ಟ ಸಾಲವೇ ಮತ್ತೆ ಟೇಬಲ್‌ಗೆ ಎಳೆಯೋದು.

ಮುಂದೆ ಸುಪ್ರೀಂ ಕೋರ್ಟ್ ಏನೇ ಹೇಳಿದರೂ ಈ ಲೆಕ್ಕ ಬದಲಾಗಲ್ಲ. ನಾಳೆ ಆಟ ಮತ್ತೆ ಕಾನೂನುಬದ್ಧ ಆದರೂ ಡಿಸ್ಟ್ರಿಬ್ಯೂಟರ್‌ನ 40,000 ಡಿಸ್ಟ್ರಿಬ್ಯೂಟರ್‌ನದ್ದೇ. ದೊಡ್ಡ ಟೇಬಲ್‌ಗೆ ಹೋಗ್ಲಾ ಅನ್ನೋ ಯೋಚನೆ ಬಂದ ರಾತ್ರಿ ಆ್ಯಪ್‌ನ ಬ್ಯಾಲೆನ್ಸ್ ನೋಡೋ ಮುಂಚೆ ಬಾಕಿ ಬಿಲ್‌ಗಳ ಫೈಲ್ ತೆಗೆದು ನೋಡಿದರೆ ಸಾಕು. ಉತ್ತರ ಅದರಲ್ಲೇ ಇರುತ್ತೆ.